ಕನ್ನಡಿಗರ ಊಟ ಉಂಡ ಇಲಿಗಳು: ಕೂನೂರಿನ ಮ್ಯಾಕ್‌ಕ್ಯಾರಿಸನ್

ಜೀವಸತ್ವಗಳ ಪಾಠ ಮಾಡುವಾಗ ಪ್ರತಿವರ್ಷವೂ ತರಗತಿಯಲ್ಲಿ ಯಾರಾದರೊಬ್ಬರು ಕೇಳುವ ಪ್ರಶ್ನೆಯೊಂದಿದೆ. ಮನುಷ್ಯನಿಗೆ ಯಾವ ಆಹಾರ ಹಿತವೆಂದು ತಿಳಿಯಲು ಇಲಿಗಳಿಗೆ ಉಣಿಸಿ ನೋಡುವುದೇಕೆ? ಉತ್ತರ ಸುಲಭ. ಮನುಷ್ಯನ ಆಯುಸ್ಸು ದೀರ್ಘವಾದದ್ದು. ಒಂದು ಊಟದ ಫಲವನ್ನು ಹುಟ್ಟಿನಿಂದ ಮುಪ್ಪಿನವರೆಗೆ ನೋಡುತ್ತ ಕುಳಿತರೆ ನೋಡುವವನ ಆಯುಸ್ಸೇ ಮುಗಿದೀತು. ಪ್ರಯೋಗಶಾಲೆಯ ಬಿಳಿ ಇಲಿಗೆ ಎರಡರಿಂದ ಮೂರು ವರ್ಷ ಆಯುಸ್ಸು. ನಾವು ಉಣ್ಣುವುದನ್ನೆಲ್ಲ ಅದೂ ಉಣ್ಣುತ್ತದೆ. ಅದರ ಬಾಲ್ಯ, ಯೌವನ, ವೃದ್ಧಾಪ್ಯಗಳೆಲ್ಲವೂ ವಿಜ್ಞಾನಿಯ ಕಣ್ಣೆದುರಿಗೇ ಕಳೆದುಹೋಗುತ್ತವೆ.

ಆದರೆ ಈ ಉತ್ತರದ ಹಿಂದೆ ನಮ್ಮವರಲ್ಲಿ ಅನೇಕರು ಕೇಳಿರದ ಒಂದು ಸಂಗತಿಯಿದೆ. ಸುಮಾರು ನೂರು ವರ್ಷಗಳ ಹಿಂದೆ ನೀಲಗಿರಿಯ ಕೂನೂರಿನಲ್ಲಿ ಇಪ್ಪತ್ತು ಇಲಿಗಳಿಗೆ ಕನ್ನಡಿಗರ ಊಟವನ್ನೇ ಬಡಿಸಿ, ಅವು ಹೇಗೆ ಬೆಳೆಯುತ್ತವೆಂದು ತೂಗಿ ನೋಡಲಾಗಿತ್ತು. ತೂಗಿದವರು ಸರ್ ರಾಬರ್ಟ್ ಮ್ಯಾಕ್‌ಕ್ಯಾರಿಸನ್. ಆರೋಗ್ಯದ ಮತ್ತು ಆಯುಸ್ಸಿನ ಗುಟ್ಟು ಯಾವುದೋ ಸಿದ್ಧೌಷಧದಲ್ಲಿಲ್ಲ, ದಿನನಿತ್ಯದ ತಟ್ಟೆಯಲ್ಲಿದೆ ಎಂಬುದನ್ನು ಇಲಿಗಳ ಮೂಲಕ ತೋರಿಸಿಕೊಟ್ಟ ವೈದ್ಯ ಅವರು. ಅವರ ಬದುಕನ್ನು ನಾವು ತಿಳಿದಿರುವುದು ಉಚಿತ.

ಗಿಲ್ಗಿಟ್ಟಿನ ನೀರು

ಮ್ಯಾಕ್‌ಕ್ಯಾರಿಸನ್ ಹುಟ್ಟಿದ್ದು 1878ರ ಮಾರ್ಚ್ 15ರಂದು, ಐರ್ಲೆಂಡಿನ ಪೋರ್ಟಡೌನ್ ಎಂಬ ಊರಿನಲ್ಲಿ. ಬೆಲ್‌ಫಾಸ್ಟಿನಲ್ಲಿ ವೈದ್ಯ ವಿದ್ಯಾಭ್ಯಾಸ ಮಾಡಿ 1900ರಲ್ಲಿ ಪದವಿ ಪಡೆದರು. ಭಾರತೀಯ ವೈದ್ಯ ಸೇವೆಗೆ ಆಯ್ಕೆಯಾಗಿ 1901ರಲ್ಲಿ, ತಮ್ಮ ಇಪ್ಪತ್ತಮೂರನೆಯ ಹುಟ್ಟುಹಬ್ಬದ ದಿನವೇ, ಭಾರತದ ಹಡಗು ಹತ್ತಿದರು. ಸಿಕ್ಕಿದ ಕೆಲಸ ವಾಯವ್ಯ ಗಡಿಯ ಚಿತ್ರಾಲದಲ್ಲಿ, ಸೈನಿಕರ ವೈದ್ಯನಾಗಿ. ಅಲ್ಲಿ ಬೇಸಿಗೆ ಬಂತೆಂದರೆ ಮೂರು ದಿನಗಳ ಜ್ವರವೊಂದು ಸೈನಿಕರನ್ನು ಮಲಗಿಸುತ್ತಿತ್ತು. ಹೊಸದಾಗಿ ಬಂದ ಈ ತರುಣ ವೈದ್ಯ ಆ ಜ್ವರದ ಲಕ್ಷಣಗಳನ್ನು ಕ್ರಮವಾಗಿ ಬರೆದಿಟ್ಟರು.

ಮುಂದೆ 1904ರಿಂದ ಸುಮಾರು ಏಳು ವರ್ಷ ಅವರು ಗಿಲ್ಗಿಟ್ಟಿನಲ್ಲಿದ್ದರು. ಆ ಕಣಿವೆಯಲ್ಲಿ ಗಳಗಂಡ ರೋಗ ವಿಪರೀತವಾಗಿತ್ತು. ಒಂದೇ ಕಾಲುವೆಯ ನೀರು ಒಂದಾದ ಮೇಲೊಂದು ಹಳ್ಳಿಗೆ ಹರಿಯುತ್ತಿತ್ತು. ಮೇಲಿನ ಹಳ್ಳಿಯ ಕೊಳಕೆಲ್ಲ ಕೆಳಗಿನ ಹಳ್ಳಿಯ ಕುಡಿಯುವ ನೀರಿಗೆ ಸೇರುತ್ತಿತ್ತು. ಮ್ಯಾಕ್‌ಕ್ಯಾರಿಸನ್ ಮನೆಮನೆಗೆ ಹೋಗಿ ಎಣಿಸಿದರು. ಕಾಲುವೆ ಕೆಳಗಿಳಿದಂತೆ ರೋಗಿಗಳ ಸಂಖ್ಯೆ ಏರುತ್ತಿತ್ತು. ತನ್ನದೇ ಒರತೆಯ ನೀರು ಕುಡಿಯುವ ಹಳ್ಳಿಗೆ ಆ ರೋಗ ತಟ್ಟಿರಲಿಲ್ಲ. ಅವರು ಅಷ್ಟಕ್ಕೆ ಬಿಡಲಿಲ್ಲ. ಆ ನೀರಿನಿಂದ ಸೋಸಿ ತೆಗೆದ ಕೆಸರನ್ನು ಕೆಲವು ಸ್ವಯಂಸೇವಕರೊಡನೆ ತಾವೂ ಕುಡಿದರು. ಕೆಲವರ ಕುತ್ತಿಗೆ ಊದಿತು, ಅವರದ್ದೂ ಊದಿತು. ಕುದಿಸಿದ ಕೆಸರನ್ನು ಕುಡಿದವರಿಗೆ ಏನೂ ಆಗಲಿಲ್ಲ.

ಗಳಗಂಡಕ್ಕೆ ಮುಖ್ಯ ಕಾರಣ ಅಯೋಡಿನ್ ಕೊರತೆಯೆಂಬುದು ಇಂದು ಶಾಲಾ ಮಕ್ಕಳಿಗೂ ಗೊತ್ತು. ಕೊಳಕು ನೀರೇ ಮೂಲವೆಂಬ ಅವರ ಅಂದಿನ ತೀರ್ಮಾನ ಪೂರ್ತಿ ನಿಲ್ಲಲಿಲ್ಲ. ಆದರೆ ಎಣಿಸಿ ನೋಡುವುದು, ಹೋಲಿಸಿ ನೋಡುವುದು, ಪರೀಕ್ಷೆಗೆ ಮೊದಲು ತನ್ನ ಮೈಯನ್ನೇ ಒಡ್ಡುವುದು, ಈ ಅಭ್ಯಾಸಗಳು ಅವರಿಗೆ ಜೀವನಪರ್ಯಂತ ಉಳಿದವು.

ಗಿಲ್ಗಿಟ್ಟಿನ ಆಚೆಯ ಹುಂಜಾ ಕಣಿವೆಯ ಜನರನ್ನೂ ಅವರು ಆಗಲೇ ಕಂಡದ್ದು. ದಟ್ಟ ಧಾನ್ಯದ ರೊಟ್ಟಿ, ಹಣ್ಣು, ತರಕಾರಿ, ಹಾಲು, ಅಪರೂಪಕ್ಕೆ ಮಾಂಸ ತಿಂದು ಬೆಟ್ಟ ಹತ್ತಿ ಇಳಿಯುವ ಆ ಜನರ ದೇಹದಾರ್ಢ್ಯ ಅವರ ಮನಸ್ಸಿನಲ್ಲಿ ನಿಂತಿತು. ಮುಂದೆ ಬೇರೆಯವರು ಇದಕ್ಕೆ ಬಣ್ಣ ಹಚ್ಚಿ, ಹುಂಜಾದವರು ನೂರಿಪ್ಪತ್ತು ನೂರೈವತ್ತು ವರ್ಷ ಬದುಕುತ್ತಾರೆಂದು ಪುಸ್ತಕಗಳನ್ನು ಬರೆದರು. ಹುಟ್ಟಿದ ದಿನಾಂಕವನ್ನೇ ಬರೆದಿಡದ ಊರಿನಲ್ಲಿ ವಯಸ್ಸು ಹೇಳುವುದು ಕಷ್ಟ. ಆ ಕಥೆಗಳಿಗೆ ಆಧಾರವಿಲ್ಲ. ಮ್ಯಾಕ್‌ಕ್ಯಾರಿಸನ್ನರ ಕೆಲಸ ಇಂಥ ಕಥೆಗಳ ಮೇಲೆ ನಿಂತದ್ದಲ್ಲ.

ಒಂದು ಕೋಣೆಯ ಪ್ರಯೋಗಶಾಲೆ

ಮೊದಲನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದ ಮೇಲೆ ಅವರು 1918ರಲ್ಲಿ ಕೂನೂರಿಗೆ ಬಂದರು. ಅಲ್ಲಿನ ಪಾಶ್ಚರ್ ಸಂಸ್ಥೆಯಲ್ಲಿ ಒಂದೇ ಒಂದು ಕೋಣೆ. ಕೆಲಸದ ಹೆಸರು ಬೆರಿಬೆರಿ ವಿಚಾರಣೆ.

ಅಂದು ಕೂನೂರು ಮದ್ರಾಸು ಪ್ರಾಂತದಲ್ಲಿತ್ತು. ನಮ್ಮ ಕಾಸರಗೋಡೂ ದಕ್ಷಿಣ ಕನ್ನಡ ಜಿಲ್ಲೆಯ ಅಂಗವಾಗಿ ಅದೇ ಪ್ರಾಂತದಲ್ಲಿತ್ತು. ಕಲ್ಯಾಣದುರ್ಗದ ಹತ್ತಿರದ ಬ್ರಹ್ಮಸಮುದ್ರ ಮೊದಲಾದ, ಇಂದು ಆಂಧ್ರದ ಅನಂತಪುರ ಜಿಲ್ಲೆಯಲ್ಲಿರುವ ಗಡಿಯೂರುಗಳೂ ಅದೇ ಪ್ರಾಂತದವು. ಗಡಿಗಳು ಆಮೇಲೆ ಬಂದವು. ಮದ್ರಾಸು ಪ್ರಾಂತದ ಬಡವರ ಊಟ ಎಂದು ಮ್ಯಾಕ್‌ಕ್ಯಾರಿಸನ್ ಬರೆದಾಗ ಆ ಮಾತಿನಲ್ಲಿ ನಮ್ಮ ಅಜ್ಜ ಅಜ್ಜಿಯರೂ ಸೇರಿದ್ದರು.

ಬೆರಿಬೆರಿ ಎಂದರೆ ಕೈಕಾಲು ಸೋತು, ಮೈ ಊದಿ, ಹೃದಯ ದುರ್ಬಲವಾಗುವ ರೋಗ. ಯಂತ್ರದಲ್ಲಿ ಹೊಳಪು ಬರುವ ತನಕ ಬಿಳಿ ಮಾಡಿದ ಅಕ್ಕಿಯನ್ನೇ ನಂಬಿ ಬದುಕುವವರಿಗೆ ಅದು ಬರುತ್ತಿತ್ತು. ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ಡಚ್ಚರ ವೈದ್ಯರು ಕೋಳಿಗಳಿಗೆ ಇಂಥ ಅಕ್ಕಿ ಹಾಕಿ ಈ ಸಂಗತಿಯನ್ನು ಮೊದಲೇ ಗುರುತಿಸಿದ್ದರು. ಮದ್ರಾಸು ಪ್ರಾಂತದಲ್ಲಿ ಒಂದು ವಿಚಿತ್ರವಿತ್ತು. ಉತ್ತರದ ತೆಲುಗು ಕರಾವಳಿಯಲ್ಲಿ ಬೆರಿಬೆರಿ ಕಾಣುತ್ತಿತ್ತು. ಅಷ್ಟೇ ಅನ್ನ ಉಣ್ಣುವ ದಕ್ಷಿಣದ ಜಿಲ್ಲೆಗಳಲ್ಲಿ ಅದು ಅಪರೂಪ. ವ್ಯತ್ಯಾಸವಿದ್ದದ್ದು ಅಕ್ಕಿ ಮಾಡುವ ಕ್ರಮದಲ್ಲಿ. ಉತ್ತರದವರದ್ದು ಬೆಳ್ತಿಗೆ, ದಕ್ಷಿಣದವರದ್ದು ಕುಚ್ಚಿಲು. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿಗೆ ಹಾಕಿದರೂ ಅದು ಎಲ್ಲವೂ ಹೋಗುವುದಿಲ್ಲ. ಮ್ಯಾಕ್‌ಕ್ಯಾರಿಸನ್ ಮತ್ತು ನಾರಿಸ್ ಎಂಬ ರಸಾಯನ ವಿಜ್ಞಾನಿ ಸೇರಿ ಭಾರತದ ಅಕ್ಕಿಗೂ ಬೆರಿಬೆರಿಗೂ ಇರುವ ಸಂಬಂಧದ ಬಗ್ಗೆ 1924ರಲ್ಲಿ ದೊಡ್ಡ ವರದಿಯೊಂದನ್ನು ಪ್ರಕಟಿಸಿದರು. ಈ ನಾರಿಸರೇ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರಾದರು.

ನಮ್ಮ ಮನೆಗಳ ಕುಚ್ಚಿಲಕ್ಕಿ ಗಂಜಿಯನ್ನು ಹಳ್ಳಿಯವರ ಊಟವೆಂದು ಮೂಗು ಮುರಿಯುವವರು ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಗಂಜಿಯ ತಿಳಿಯನ್ನು ಚೆಲ್ಲದೆ ಕುಡಿದ ಹಿರಿಯರಿಗೆ ಜೀವಸತ್ವದ ಹೆಸರು ಗೊತ್ತಿರಲಿಲ್ಲ, ಆದರೆ ಅದರ ಪ್ರಯೋಜನ ಸಿಗುತ್ತಿತ್ತು.

ಕೂನೂರಿನಲ್ಲಿ ಪಾರಿವಾಳಗಳಿಗೆ, ಮಂಗಗಳಿಗೆ, ಗಿನಿ ಇಲಿಗಳಿಗೆ ಸತ್ವವಿಲ್ಲದ ಆಹಾರ ಕೊಟ್ಟು ಮ್ಯಾಕ್‌ಕ್ಯಾರಿಸನ್ ಪರೀಕ್ಷಿಸಿದರು. ಕೊರತೆಯ ಊಟದಿಂದ ನರ ಮಾತ್ರ ಕೆಡುವುದಲ್ಲ, ಜಠರ, ಕರುಳು, ಗ್ರಂಥಿಗಳೆಲ್ಲ ಕೆಡುತ್ತವೆಂದು ತೋರಿಸಿದರು. 1921ರಲ್ಲಿ ಇದನ್ನೆಲ್ಲ ಒಂದು ಗ್ರಂಥವಾಗಿ ಹೊರತಂದರು. ಲೋಕದ ವಿದ್ವಾಂಸರು ಮೆಚ್ಚಿದರು. ಸರಕಾರ ಮಾಡಿದ್ದೇನು? 1923ರಲ್ಲಿ ಇಂಚ್‌ಕೇಪ್ ಸಮಿತಿಯ ಖರ್ಚು ಕಡಿತದ ಕೊಡಲಿ ಈ ಒಂದು ಕೋಣೆಯ ಮೇಲೂ ಬಿತ್ತು. ಕೆಲಸ ನಿಂತಿತು. ಕೋಟಿಗಟ್ಟಲೆ ಜನ ಏನನ್ನು ಉಣ್ಣುತ್ತಾರೆ, ಅದರಿಂದ ಏನಾಗುತ್ತದೆ ಎಂದು ಕೇಳುತ್ತಿದ್ದ ಕೋಣೆಗೆ ಬೀಗ ಬಿತ್ತು. 1925ರಲ್ಲಿ ಮತ್ತೆ ಬಾಗಿಲು ತೆರೆಯಿತು. 1928ರ ವೇಳೆಗೆ ಅದು ಪೋಷಣಾ ಸಂಶೋಧನಾಲಯವಾಗಿ ಬೆಳೆಯಿತು. ಅದರ ಮೊದಲ ನಿರ್ದೇಶಕರು ಮ್ಯಾಕ್‌ಕ್ಯಾರಿಸನ್.

ಏಳು ಪಂಜರ, ಏಳು ಊಟ

ಆ ಕಾಲದ ಆಂಗ್ಲ ಅಧಿಕಾರಿಗಳಲ್ಲಿ ಒಂದು ನಂಬಿಕೆ ಬೇರೂರಿತ್ತು. ಭಾರತದಲ್ಲಿ ಕೆಲವು ಜನಾಂಗಗಳು ಹುಟ್ಟಿನಿಂದಲೇ ಶೂರರು, ಗಟ್ಟಿ ಮೈಯವರು; ಕೆಲವರು ಹುಟ್ಟಿನಿಂದಲೇ ದುರ್ಬಲರು. ಸೈನ್ಯಕ್ಕೆ ಯಾರನ್ನು ಸೇರಿಸಬೇಕೆಂಬುದನ್ನೂ ಈ ನಂಬಿಕೆಯ ಮೇಲೆ ನಿರ್ಧರಿಸುತ್ತಿದ್ದರು. ಉತ್ತರದಿಂದ ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಜನರ ಮೈಕಟ್ಟು ಇಳಿಯುವುದನ್ನು ಮ್ಯಾಕ್‌ಕ್ಯಾರಿಸನ್ನರೂ ಕಂಡಿದ್ದರು. ಆದರೆ ಅದು ರಕ್ತದ ಗುಣವೋ ಊಟದ ಗುಣವೋ?

ಅವರು ಒಂದೇ ವಯಸ್ಸಿನ, ಒಂದೇ ತೂಕದ ಎಳೆಯ ಇಲಿಗಳನ್ನು ಆರಿಸಿ, ತಲಾ ಇಪ್ಪತ್ತರಂತೆ ಏಳು ಗುಂಪು ಮಾಡಿದರು. ವಿಶಾಲವಾದ ಪಂಜರ, ಗಾಳಿ, ಬೆಳಕು, ಶುಚಿತ್ವ ಎಲ್ಲವೂ ಎಲ್ಲರಿಗೂ ಸಮಾನ. ಬೇರೆಯಾದದ್ದು ಊಟ ಒಂದೇ. ಸಿಖ್ಖರು, ಪಠಾಣರು, ಮರಾಠರು, ಗೂರ್ಖರು, ಬಂಗಾಳಿಗಳು, ಕನ್ನಡಿಗರು, ಮದ್ರಾಸಿಗಳು, ಈ ಏಳು ಜನವರ್ಗಗಳ ಊಟವನ್ನು ಒಂದೊಂದು ಗುಂಪಿಗೆ ಕೊಟ್ಟರು. 140 ದಿನ ಕಳೆದ ಮೇಲೆ ತೂಗಿದರು.

ಸಿಖ್ಖರ ಊಟ ಉಂಡ ಇಲಿಗಳ ಸರಾಸರಿ ತೂಕ 235 ಗ್ರಾಂ. ಪಠಾಣರದ್ದು 230, ಮರಾಠರದ್ದು 225, ಗೂರ್ಖರದ್ದು 200. ಕನ್ನಡಿಗರ ಊಟ ಉಂಡವು 185 ಗ್ರಾಂ, ಬಂಗಾಳಿಗಳದ್ದು 180, ಮದ್ರಾಸಿಗಳದ್ದು 155. ನಮ್ಮ ಇಲಿಗಳು ಏಳರಲ್ಲಿ ಐದನೆಯವು!

ಈ ಪಟ್ಟಿಯನ್ನು ಓದಿ ನಾವು ನಾಚಿಕೊಳ್ಳಬೇಕಾಗಿಲ್ಲ. ಅದರ ನಿಜವಾದ ಅರ್ಥ ಬೇರೆ. ಇಲಿಗಳಿಗೆ ಜಾತಿಯಿಲ್ಲ, ಭಾಷೆಯಿಲ್ಲ. ಎಲ್ಲವೂ ಒಂದೇ ತಳಿಯವು. ಹೀಗಿದ್ದೂ ಊಟ ಬದಲಾದ ಮಾತ್ರಕ್ಕೆ ಅವುಗಳ ಮೈಕಟ್ಟು ಆಯಾ ಜನರ ಮೈಕಟ್ಟಿನ ಕ್ರಮದಲ್ಲೇ ಏರಿಳಿಯಿತು. ಅಂದ ಮೇಲೆ ದೌರ್ಬಲ್ಯ ಹುಟ್ಟಿನದ್ದಲ್ಲ, ತಟ್ಟೆಯದ್ದು. ತಟ್ಟೆಯನ್ನು ಬದಲಿಸಬಹುದು. ಹುಟ್ಟು ಶೂರರೆಂಬ ಸಿದ್ಧಾಂತಕ್ಕೆ ಆಳುವವರ ಸೇವೆಯಲ್ಲಿದ್ದ ವೈದ್ಯರೊಬ್ಬರೇ, ಮಾತಿನಿಂದಲ್ಲ, ತಕ್ಕಡಿಯಿಂದ ಉತ್ತರ ಕೊಟ್ಟಿದ್ದರು.

ಮುದುಕರಾದರೂ ರೋಗವಿಲ್ಲ

ಸಿಖ್ಖರ ಊಟವೆಂದರೆ ಇಡೀ ಗೋಧಿಯ ರೊಟ್ಟಿ, ಬೆಣ್ಣೆ, ಹಾಲು, ಬೇಳೆ, ಹಸಿ ತರಕಾರಿ, ವಾರಕ್ಕೊಮ್ಮೆ ಸ್ವಲ್ಪ ಮಾಂಸ. ಪ್ರಯೋಗಶಾಲೆಯ ಮೂಲ ಸಂತಾನದ ಇಲಿಗಳನ್ನೆಲ್ಲ ಮ್ಯಾಕ್‌ಕ್ಯಾರಿಸನ್ ಇದೇ ಊಟದಲ್ಲಿ ಸಾಕಿದರು. ಸುಮಾರು ಸಾವಿರದಷ್ಟಿದ್ದ ಆ ಇಲಿಗಳನ್ನು ಹುಟ್ಟಿನಿಂದ ಇಪ್ಪತ್ತೇಳು ತಿಂಗಳ ವಯಸ್ಸಿನವರೆಗೆ ಕಾಯ್ದರು. ಮನುಷ್ಯನ ಲೆಕ್ಕದಲ್ಲಿ ಅದು ಐವತ್ತೈದು ವರ್ಷಕ್ಕೆ ಸಮವೆಂದು ಅವರ ಅಂದಾಜು. ಎರಡೂಕಾಲು ವರ್ಷಗಳ ಆ ಅವಧಿಯಲ್ಲಿ ವಯಸ್ಕ ಇಲಿಗಳಲ್ಲಿ ಒಂದೂ ರೋಗ ಬಂದು ಸಾಯಲಿಲ್ಲ. ಆಕಸ್ಮಿಕಗಳನ್ನು ಬಿಟ್ಟರೆ ಮರಿಗಳ ಸಾವೂ ಇರಲಿಲ್ಲ.

ಅದೇ ಕಟ್ಟಡದಲ್ಲಿ, ಅದೇ ಶುಚಿತ್ವದಲ್ಲಿ, ಕೊರತೆಯ ಊಟ ಉಂಡ ಎರಡು ಸಾವಿರಕ್ಕೂ ಹೆಚ್ಚು ಇಲಿಗಳಲ್ಲಿ ಶ್ವಾಸಕೋಶದ ರೋಗ, ಹೊಟ್ಟೆಹುಣ್ಣು, ಮೂತ್ರಕೋಶದ ಕಲ್ಲು, ಕಿವಿ ಸೋರುವಿಕೆ, ಚರ್ಮರೋಗ, ಬಂಜೆತನಗಳ ದೊಡ್ಡ ಪಟ್ಟಿಯೇ ಸಿಕ್ಕಿತು. ಇಂಗ್ಲೆಂಡಿನ ಬಡವರ ಊಟವನ್ನೂ ಅವರು ಬಿಡಲಿಲ್ಲ. ಬಿಳಿ ಬ್ರೆಡ್ಡು, ಕೃತಕ ಬೆಣ್ಣೆ, ಸಕ್ಕರೆ ಹಾಕಿದ ಚಹ, ಬೆಂದ ತರಕಾರಿ, ಡಬ್ಬಿ ಮಾಂಸ, ಜಾಮ್ ಕೊಟ್ಟ ಇಲಿಗಳು ಸೊರಗಿದವು. ನೋಡಿಕೊಳ್ಳುವವರನ್ನು ಕಚ್ಚಿದವು. ದಿನ ಕಳೆದಂತೆ ತಮ್ಮಲ್ಲೇ ದುರ್ಬಲವಾದವುಗಳನ್ನು ಕೊಂದು ತಿಂದವು. ಬಿಸ್ಕತ್ತು ಚಹದಲ್ಲಿ ಬೆಳಗಿನ ಊಟ ಮುಗಿಸಿ ಶಾಲೆಗೆ ಬರುವ ಮಕ್ಕಳನ್ನು ಕಂಡಾಗ ನನಗೆ ಈ ಪಂಜರ ನೆನಪಾಗುವುದುಂಟು.

ಮಣ್ಣಿನವರೆಗೂ ಅವರ ಪ್ರಶ್ನೆ ಹೋಯಿತು. ದನದ ಗೊಬ್ಬರ ಹಾಕಿ ಬೆಳೆದ ಕಿರುಧಾನ್ಯ, ಗೊಬ್ಬರವೇ ಹಾಕದೆ ಬೆಳೆದ ಕಿರುಧಾನ್ಯಗಳ ಪೋಷಕ ಗುಣ ಒಂದೇ ಅಲ್ಲವೆಂದು 1926ರಲ್ಲಿ ಬರೆದರು. ಭೂಮಿ ಬಡವಾದರೆ ಕಾಳು ಬಡವಾಗುತ್ತದೆ, ಕಾಳು ಬಡವಾದರೆ ಉಣ್ಣುವವನು ಬಡವಾಗುತ್ತಾನೆ ಎಂಬುದು ಅವರ ವಿಚಾರದ ಧಾಟಿ.

ಕಡಿಮೆ ಊಟ ಬೇರೆ, ಬಡ ಊಟ ಬೇರೆ

1933ರಲ್ಲಿ ಅವರಿಗೆ ಸರ್ ಪದವಿ ಬಂತು. 1935ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. ಅದೇ 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಇನ್ನೊಂದು ಇಲಿಗಳ ಸುದ್ದಿ ಬಂತು. ಕ್ಲೈವ್ ಮೆಕೇ ಎಂಬವರು ಮತ್ತು ಅವರ ಸಂಗಡಿಗರು ಇಲಿಗಳಿಗೆ ಹೊಟ್ಟೆ ತುಂಬ ಉಣಿಸದೆ, ಅಳತೆ ಮಾಡಿ ಕಡಿಮೆ ಉಣಿಸಿ ಬೆಳೆಸಿದರು. ಅವು ಗಾತ್ರದಲ್ಲಿ ಸಣ್ಣವಾಗಿಯೇ ಉಳಿದವು, ಆದರೆ ಹೆಚ್ಚು ಕಾಲ ಬದುಕಿದವು. ಹೊಟ್ಟೆ ತುಂಬ ಉಂಡ ಗಂಡು ಇಲಿಗಳ ಸರಾಸರಿ ಆಯುಸ್ಸು 483 ದಿನ. ಮಿತವಾಗಿ ಉಂಡವುಗಳದ್ದು 820 ದಿನ. ಪ್ರಯೋಗಶಾಲೆಯ ಪ್ರಾಣಿಯೊಂದರ ಆಯುಸ್ಸನ್ನು ಇಷ್ಟು ಸ್ಪಷ್ಟವಾಗಿ ಹೆಚ್ಚಿಸಿ ತೋರಿಸಿದ ಪ್ರಯೋಗವೆಂದು ಅದು ಪ್ರಸಿದ್ಧವಾಯಿತು.

ಹಾಗಾದರೆ ಕೂನೂರಿನ ತಕ್ಕಡಿ ಸುಳ್ಳಾಯಿತೇ? 155 ಗ್ರಾಮಿನ ಮದ್ರಾಸಿ ಇಲಿಯೇ ಭಾಗ್ಯಶಾಲಿಯೇ? ಇಲ್ಲಿ ಎಚ್ಚರದಿಂದ ಯೋಚಿಸಬೇಕು. ಮೆಕೇ ಕಡಿಮೆ ಮಾಡಿದ್ದು ಮೈಗೆ ಶಾಖ ಕೊಡುವ ಪಿಷ್ಟ, ಜಿಡ್ಡು, ಸಕ್ಕರೆಗಳ ಪ್ರಮಾಣವನ್ನು. ಜೀವಸತ್ವ, ಖನಿಜ, ಸಸಾರಜನಕಗಳನ್ನು ಕಡಿಮೆಯಾಗದಂತೆ ನೋಡಿಕೊಂಡಿದ್ದರು. ಕೂನೂರಿನ ಮದ್ರಾಸಿ ಪಂಜರದಲ್ಲಿ ನಡೆದದ್ದು ಇದಕ್ಕೆ ತೀರ ವಿರುದ್ಧ. ಅಲ್ಲಿ ತೊಳೆದು ಬಿಳಿ ಮಾಡಿದ ಅಕ್ಕಿಯ ಅನ್ನ ಇತ್ತು, ಅದರ ಸತ್ವ ಇರಲಿಲ್ಲ. ಹಾಲು ತರಕಾರಿಗಳು ಹೆಸರಿಗೆ ಮಾತ್ರ. ಒಂದು ಮಿತವಾದ ಊಟ, ಇನ್ನೊಂದು ಬಡವಾದ ಊಟ. ಹೊರಗಿನಿಂದ ನೋಡಿದರೆ ಎರಡೂ ಇಲಿಗಳು ಸಣ್ಣವೇ. ಒಳಗೆ ಒಂದಕ್ಕೆ ಆಯುಸ್ಸು, ಇನ್ನೊಂದಕ್ಕೆ ರೋಗ. ಹಸಿದವನಿಗೆ ಮಿತಾಹಾರದ ಮಹಿಮೆಯನ್ನು ಬೋಧಿಸುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಆ ಬಳಿಕದ ಸಂಶೋಧನೆ ಬಹಳ ದೂರ ಸಾಗಿದೆ. ಅಮೆರಿಕದಲ್ಲಿ ಎರಡು ಕಡೆ ಮಂಗಗಳ ಮೇಲೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಮಿತಾಹಾರದ ಪ್ರಯೋಗ ನಡೆಯಿತು. ವಿಸ್ಕಾನ್ಸಿನ್‌ನವರು 2009ರಲ್ಲಿ ಲಾಭವಿದೆಯೆಂದರು. ಸರಕಾರದ ವೃದ್ಧಾಪ್ಯ ಸಂಸ್ಥೆಯವರು 2012ರಲ್ಲಿ ಆಯುಸ್ಸು ಹೆಚ್ಚಲಿಲ್ಲವೆಂದರು. 2017ರಲ್ಲಿ ಇಬ್ಬರೂ ಕೂಡಿ ಲೆಕ್ಕ ಹಾಕಿದಾಗ ಪ್ರಯೋಜನವಿದೆ, ಆದರೆ ಅದು ವಯಸ್ಸು, ಲಿಂಗ, ಮತ್ತು ಮೊದಲೇ ಉಣ್ಣುತ್ತಿದ್ದ ಊಟದ ಗುಣವನ್ನು ಅವಲಂಬಿಸಿದೆ ಎಂದು ಒಪ್ಪಿಕೊಂಡರು. 2009ರಲ್ಲಿ ರಾಪಮೈಸಿನ್ ಎಂಬ ಔಷಧವನ್ನು ಸುಮಾರು ಇಪ್ಪತ್ತು ತಿಂಗಳ ಮುದಿ ಚಿಟ್ಟಿಲಿಗಳಿಗೆ ಕೊಟ್ಟು ಅವುಗಳ ಆಯುಸ್ಸು ಹೆಚ್ಚಿಸಿದರು. ಇವೆಲ್ಲ ಪಂಜರದೊಳಗಿನ ಫಲಗಳು. ಮನುಷ್ಯನ ಆಯುಸ್ಸನ್ನು ಹೀಗೆ ಹೆಚ್ಚಿಸಬಹುದೆಂದು ಇನ್ನೂ ಯಾರೂ ತೋರಿಸಿಲ್ಲ. ಮ್ಯಾಕ್‌ಕ್ಯಾರಿಸನ್ ಕೇಳಿದ್ದು ಇನ್ನೂ ಸರಳವಾದ ಪ್ರಶ್ನೆ: ಬದುಕಿರುವಷ್ಟು ಕಾಲ ರೋಗವಿಲ್ಲದೆ ಬದುಕುವುದು ಹೇಗೆ?

ಬಿಟ್ಟುಹೋದದ್ದು

ಇಂಗ್ಲೆಂಡಿನಲ್ಲಿ 1936ರಲ್ಲಿ ಅವರು ಪೋಷಣೆ ಮತ್ತು ಆರೋಗ್ಯದ ಬಗ್ಗೆ ಉಪನ್ಯಾಸಗಳನ್ನು ಕೊಟ್ಟು ಕೂನೂರಿನ ಇಲಿಗಳ ಕಥೆಯನ್ನು ಲೋಕಕ್ಕೆ ಹೇಳಿದರು. 1945ರಿಂದ ಆಕ್ಸ್‌ಫರ್ಡಿನಲ್ಲಿ ವೈದ್ಯರ ಉನ್ನತ ಶಿಕ್ಷಣದ ಹೊಣೆ ಹೊತ್ತರು. 1960ರ ಮೇ 18ರಂದು, ಎಂಬತ್ತೆರಡು ವರ್ಷ ತುಂಬಿದ ಮೇಲೆ, ಅಲ್ಲಿಯೇ ತೀರಿಕೊಂಡರು.

ಕೂನೂರಿನ ಆ ಒಂದು ಕೋಣೆ ಬೆಳೆದು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾಯಿತು. ಇಂದು ಅದು ರಾಷ್ಟ್ರೀಯ ಪೋಷಣಾ ಸಂಸ್ಥೆ. ಈ ಸಂಸ್ಥೆ ಪ್ರಕಟಿಸಿದ ಆಹಾರ ಕೋಷ್ಟಕದಲ್ಲಿ ನೂರು ಗ್ರಾಂ ರಾಗಿಗೆ 344 ಮಿಲಿಗ್ರಾಂ ಸುಣ್ಣದಂಶವನ್ನು ಕೊಟ್ಟಿದೆ. ಗಿರಣಿಯಲ್ಲಿ ಬಿಳಿ ಮಾಡಿದ ಅಕ್ಕಿಗೆ ಕೇವಲ 10. ಬ್ರಹ್ಮಸಮುದ್ರದ ಕಡೆಯ ರಾಗಿ ಮುದ್ದೆ, ನಮ್ಮ ಕಡೆಯ ಕುಚ್ಚಿಲು ಗಂಜಿ, ಬಸಳೆ ಸಾರು, ಹುರುಳಿ, ಮೀನು, ಮಜ್ಜಿಗೆ, ಇವು ಯಾವುವೂ ಬಡ ಊಟಗಳಲ್ಲ. ಬಡವಾದದ್ದು ಇವುಗಳನ್ನು ಬಿಟ್ಟು ನಾವು ಹಿಡಿದದ್ದು, ಅಥವಾ ಇವುಗಳನ್ನೂ ಕೊಳ್ಳಲಾಗದೆ ಬರಿಯ ಅನ್ನದಲ್ಲಿ ಹೊಟ್ಟೆ ತುಂಬಿಸಿಕೊಂಡದ್ದು. ಮೊದಲನೆಯದು ಮನೆಯವರು ತಿದ್ದಬೇಕಾದ ತಪ್ಪು. ಎರಡನೆಯದು ಸಮಾಜವೂ ಸರಕಾರವೂ ತಿದ್ದಬೇಕಾದ ತಪ್ಪು.

ಶಾಲೆಯ ಮಧ್ಯಾಹ್ನದ ಊಟದ ಸಾಲಿನಲ್ಲಿ ನಿಂತಾಗ ನಾನು ಮಕ್ಕಳ ತಟ್ಟೆಗಳನ್ನು ನೋಡುತ್ತೇನೆ. ಯಾರ ಮನೆಮಾತು ಯಾವುದೆಂದು ತಟ್ಟೆ ಹೇಳುವುದಿಲ್ಲ. ಅದರಲ್ಲಿ ಅನ್ನದ ಜೊತೆಗೆ ಬೇಳೆಯಿದೆಯೇ, ಸೊಪ್ಪಿದೆಯೇ, ಹಾಲು ಮೊಟ್ಟೆಗಳ ದಿನ ಅವು ಸರಿಯಾಗಿ ಬಂದಿವೆಯೇ ಎಂಬುದಷ್ಟೇ ಮುಖ್ಯ. ಏಳು ಪಂಜರಗಳ ಮುಂದೆ ತಕ್ಕಡಿ ಹಿಡಿದು ನಿಂತ ಆ ವೈದ್ಯ ನೋಡಿದ್ದೂ ಇದನ್ನೇ. ಐದನೆಯ ಪಂಜರದ ಇಲಿಗಳು ನಮ್ಮ ಪರವಾಗಿ ಉಂಡು ತೂಗಿಸಿಕೊಂಡವು. ಇನ್ನು ಮುಂದಿನ ತಟ್ಟೆ ನಮ್ಮ ಕೈಯಲ್ಲಿದೆ.